ಜರ್ಮನ್ ಮಾತಿಗಿಟ್ಟ ಹಾಲು

ನಮ್ಮೂರಿನಲ್ಲಿ ಹಾಲಿಗೆ ಯಾರೂ ಹೆಪ್ಪು ಹಾಕುವುದಿಲ್ಲ, ಮಾತಾಡುತ್ತಾರೆ. ಕಾಯಿಸಿದ ಹಾಲು ಉಗುರುಬೆಚ್ಚಗಾದ ಮೇಲೆ ಗಡಿಗೆಗೆ ಸುರಿದು, ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಒಂದಿಷ್ಟು ಹೊತ್ತು ಮಾತಾಡಿ, ಮುಚ್ಚಳ ಮುಚ್ಚಿ ಎದ್ದರೆ ಆಯಿತು, ಹೊತ್ತಿಳಿಯುವಷ್ಟರಲ್ಲಿ ಮೊಸರು. ಇಂಥದ್ದೇ ಮಾತಾಡಬೇಕೆಂಬ ಕಟ್ಟಳೆಯೇನೂ ಇಲ್ಲ. ಮೊಣಕಾಲು ನೋವು, ಅತ್ತೆಯ ಮೇಲಿನ ಸಿಟ್ಟು, ಸೌತೆಬಳ್ಳಿಗೆ ಹತ್ತಿದ ಹುಳ, ಯಾವುದಾದರೂ ಆದೀತು. ಆಡುವ ಭಾಷೆ ಮಾತ್ರ ಆಡುವವರದ್ದೇ ಆಗಿರಬೇಕು. ಎಲ್ಲಿಂದಲೋ ಎರವಲು ತಂದ ಭಾಷೆಯಾದರೆ ಹಾಲು ಲೋಳೆಯಾಗಿ ಎಳೆ ಎಳೆ ಬರುತ್ತದೆ. ಬಾಯಿಪಾಠ ಮಾಡಿ ಒಪ್ಪಿಸಿದ್ದಾದರೆ ನೀರು ಬೇರೆ, ಗಂಟು ಬೇರೆ. ಬೇರೆ ಸೀಮೆಯಿಂದ ಬಂದ ಸೊಸೆಯರು ಮೊದಮೊದಲು ತವರಿನ ಮಾತಿನಲ್ಲೇ ಹಾಲನ್ನು ಮಾತಾಡಿಸುತ್ತಾರೆ. ಅದೇನೆಂದು ತಿಳಿಯದ ಅತ್ತೆಯರು, ತಮ್ಮನ್ನೇ ಬೈಯುತ್ತಿದ್ದಾಳೇನೋ ಎಂದು ಬಾಗಿಲ ಸಂದಿಯಲ್ಲಿ ನಿಂತು ಒದ್ದಾಡುತ್ತಾರೆ. ಮೊಸರೇನೋ ಗಟ್ಟಿಯಾಗಿಯೇ ಬರುತ್ತದೆ.

ಗುರುಲಿಂಗಯ್ಯ ಮೇಷ್ಟ್ರು ಇಂಗ್ಲಿಷ್ ಕಲಿಸಲೆಂದು ಊರಿಗೆ ಬಂದ ದಿನ ಪದ್ಧತಿಯಂತೆ ಅವರನ್ನೂ ಗಡಿಗೆಯ ಮುಂದೆ ಕೂರಿಸಿ ಇಂಗ್ಲಿಷ್ ಆಡಿಸಿದ್ದರಂತೆ. ಸಂಜೆ ಮುಚ್ಚಳ ತೆಗೆದರೆ ಮುಖ ನೋಡಿಕೊಳ್ಳುವಷ್ಟು ತಿಳಿನೀರು, ತಳದಲ್ಲಿ ನಾಲ್ಕು ಗಂಟು. ಬೇರೆ ಯಾರೂ ಸಿಗದ್ದರಿಂದ ಅವರನ್ನೇ ಇಟ್ಟುಕೊಂಡರು. ನಾನು ಕಲಿತ ಇಂಗ್ಲಿಷ್ ಆ ತಿಳಿನೀರಿನದು.

ಹೀಗೆ ಪರೀಕ್ಷೆಗೆಂದು ಗಡಿಗೆ ಇಡುವ ಕೆಲಸ ನಮ್ಮ ಮನೆಯದು. ಅಜ್ಜಿಯ ಕೈಯಿಂದ ನನ್ನ ಕೈಗೆ ಬಂದದ್ದು. ಅಜ್ಜಿಗೆ ಕಿವಿ ಮಂದವಾಗಿ, ಎದುರಿನವರು ಮಾತು ನಿಲ್ಲಿಸಿದ್ದಾರೋ ಇಲ್ಲವೋ ಎಂಬುದೇ ತಿಳಿಯದಾದಾಗ, ಒಂದು ಬೆಳಿಗ್ಗೆ ಗಡಿಗೆಯನ್ನು ನನ್ನ ಮಡಿಲಿಗೆ ಇಟ್ಟು, "ಇನ್ಮೇಲೆ ನೀನು ನೋಡ್ಕೊ ನೀಲಿ. ಹಾಲು ಕೇಳ್ತಿರುವಾಗ ನಿನ್ನ ತುಟಿ ಬಿಚ್ಚಬಾರದು. ಕೆಮ್ಮು ಬಂದ್ರೆ ಕೆಮ್ಮು, ಸೀನು ಬಂದ್ರೆ ಸೀನು. ಅವಕ್ಕೆ ಭಾಷೆ ಇಲ್ಲ. ಮಾತು ಮಾತ್ರ ಕೂಡದು. ಒಂದು ಮಾತಿಗೆ ಒಂದೇ ಹಾಲು, ಎರಡನೇ ಸಲ ಕೇಳ್ಸಂಗಿಲ್ಲ," ಎಂದಳು. ನಾನು ಆಯಿತೆಂದು ತಲೆಯಾಡಿಸಿದೆ. ಆಗ ನನಗೆ ಹತ್ತೊಂಬತ್ತು ವರ್ಷ. ಎಮ್ಮೆ ನೀರಿಗಿಳಿಯುವುದನ್ನು ನೋಡುತ್ತ ಒಲೆಯ ಮೇಲಿನ ಅನ್ನ ಸೀಯಿಸುವವಳು ನಾನು. ಅಂಥವಳ ಕೈಗೆ ಅಜ್ಜಿ ಅದನ್ನು ಯಾವ ಧೈರ್ಯದ ಮೇಲೆ ಕೊಟ್ಟಳೋ.

ಜರ್ಮನ್ ನಮ್ಮೂರಿಗೆ ಬಂದದ್ದು ಅಜ್ಜಿಯ ಕಾಲದಲ್ಲೇ, ಹಕ್ಕಿಯ ನೆಪದಲ್ಲಿ. ಎಲ್ಲಿಯದೋ ದೇಶದವನೊಬ್ಬ ನಮ್ಮ ಕೆರೆಯ ಹಕ್ಕಿಗಳ ಕೂಗು ಹಿಡಿಯಲು ಯಂತ್ರ ಹೊತ್ತು ಬಂದಿದ್ದ. ಅವನ ನಿಜವಾದ ಕಸುಬು ಇಂಗ್ಲಿಷ್ ಧಾರಾವಾಹಿಗಳಿಗೆ ಧ್ವನಿ ಹಿಡಿಯುವುದು. ನಮ್ಮ ಮೊಸರಿನ ಸಂಗತಿ ಕಂಡು ಅವನು ಹಕ್ಕಿಗಳನ್ನು ಮರೆತೇಬಿಟ್ಟ. ಊರಿಗೆ ಹೋಗಿ ತನ್ನ ಕಂಪನಿಗೆ ಹೇಳಿದ. ಅವರಿಗೊಂದು ತಲೆನೋವಿತ್ತಂತೆ. ಅವರ ಧಾರಾವಾಹಿಗಳಲ್ಲಿ ಹತ್ತರಲ್ಲಿ ಆರಕ್ಕೆ ಒಬ್ಬ ಜರ್ಮನ್ ಬೇಕೇಬೇಕು. ಗೂಢಚಾರನೋ, ವಿಜ್ಞಾನಿಯೋ, ಪಿಯಾನೋ ಕಲಿಸುವ ಮುದುಕಿಯೋ, ಯಾರಾದರೊಬ್ಬರು. ಆಡುವವರು ಇಂಗ್ಲಿಷಿನವರು. ನಾಲ್ಕು ಸಾಲು ಉರುಹೊಡೆದು ಗಂಟಲಲ್ಲಿ ಗರಗರ ಅನ್ನಿಸಿಬಿಡುತ್ತಿದ್ದರು. ಜರ್ಮನ್ ನಾಡಿನ ನೋಡುಗರು ಕಾಗದದ ಮೇಲೆ ಕಾಗದ ಬರೆದು ಗೇಲಿ ಮಾಡುತ್ತಿದ್ದರು. ಹೀಗಾಗಿ ಇಂಗ್ಲಿಷ್ ಮಾತನ್ನೆಲ್ಲ ಕತ್ತರಿಸಿ, ಜರ್ಮನ್ ತುಣುಕುಗಳನ್ನಷ್ಟೇ ಒಂದು ಟೇಪಿಗೆ ತುಂಬಿಸಿ, ಬಟ್ಟೆಯಲ್ಲಿ ಹೊಲಿದ ಪೊಟ್ಟಣವಾಗಿ ನಮ್ಮ ಮನೆಗೆ ಕಳಿಸತೊಡಗಿದರು. ಜೊತೆಗೆ ಅಚ್ಚುಹಾಕಿಸಿದ ಹಾಳೆ. ಅದರಲ್ಲಿ ನಾಲ್ಕು ಚೌಕ: ಗಟ್ಟಿ, ಸಡಿಲ, ಲೋಳೆ, ನೀರು. ಒಂದಕ್ಕೆ ಗುರುತು ಹಾಕಬೇಕು. ಕೆಳಗೆ ಎರಡು ಗೆರೆ ಖಾಲಿ. ಹೇಳುವುದೇನಾದರೂ ಇದ್ದರೆ ಬರೆಯಬಹುದು. ಮೇಷ್ಟ್ರು ಅದನ್ನು ಇಂಗ್ಲಿಷಿಗೆ ಮಾಡಿಕೊಡುತ್ತಿದ್ದರು.

ಹತ್ತು ವರ್ಷಗಳಲ್ಲಿ ನಮ್ಮೂರಿನವರು ಜರ್ಮನ್ನಿನ ಒಂದು ಪದವನ್ನೂ ಕಲಿಯದೆ ಅದರ ಬಗ್ಗೆ ಭಾರಿ ಪಂಡಿತರಾದರು. ಟೇಪು ಬಂದ ದಿನ ನಮ್ಮ ಜಗಲಿಯ ಮೇಲೆ ಜನ ಕೂತಿರುತ್ತಿದ್ದರು, ಸಂಜೆ ಮುಚ್ಚಳ ತೆಗೆಯುವುದನ್ನು ಕಾಯುತ್ತ. "ಆ ಕೊಕ್ಕರೆ ಕತ್ತಿನ ಕ್ಯಾಪ್ಟನ್ನು ಹೋದ್ಸಲಾನೂ ನೀರೇ. ಕಿರುಚಿದ್ರೆ ಜರ್ಮನ್ ಆಗ್ಬಿಡ್ತೈತೆ ಅಂದ್ಕೊಂಡವ್ನೆ," ಎಂದು ಒಬ್ಬರೆಂದರೆ, "ಆ ದಾದಿ ಪಾತ್ರದ ಹುಡ್ಗಿ ನೋಡು, ಎರಡೇ ಮಾತು ಆಡಿದ್ದು, ಚಾಕು ಹಾಕಿ ಕುಯ್ಯಬೇಕು ಹಂಗೆ ಬಂತು ಮೊಸರು," ಎಂದು ಇನ್ನೊಬ್ಬರು. ಹಾಲು ಕೊಡುವ ಈರಮ್ಮನಿಗಂತೂ ಇದರಲ್ಲಿ ಅರ್ಧ ಪಾಲು ತನ್ನ ಹಸುವಿನದೆಂಬ ಜಂಬ. ನನಗೂ ಜಂಬವಿತ್ತು. ನೋಡಿಯೇ ಇರದ ದೇಶದ ದೊಡ್ಡ ನಟರು ನನ್ನ ಒಂದು ಗೀಟಿಗೆ ಹೆದರುತ್ತಾರೆ ಎಂಬುದು ಕನಸಿನೊಳಗಿನ ಕನಸಿನಂತಿತ್ತು. ಆ ಎರಡು ಖಾಲಿ ಗೆರೆಗಳಲ್ಲಿ ಚೆಂದ ಚೆಂದದ ಮಾತುಗಳನ್ನು ಬರೆಯುತ್ತಿದ್ದೆ. ಒಬ್ಬನ ಬಗ್ಗೆ "ಗೋಡೆಗೆ ಸುಣ್ಣ ಹೊಡೆದ ಹಾಗೆ ಮಾತಾಡುತ್ತಾನೆ, ಒಳಗೆ ಇಟ್ಟಿಗೆಯೇ ಇಲ್ಲ" ಎಂದು ಬರೆದಿದ್ದೆ. ಕಂಪನಿಯವರು ಅದನ್ನು ಓದಿ ನಕ್ಕರೆಂದು ಮೇಷ್ಟ್ರಿಗೆ ಕಾಗದ ಬಂದಾಗ ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ಟೇಪು ಬಂದದ್ದು ಮಾಘದ ಒಂದು ಬೆಳಿಗ್ಗೆ. ಜಗಲಿಯ ಜನ ಇನ್ನೂ ಸೇರಿರಲಿಲ್ಲ. ಅಜ್ಜಿ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ನಾನು ಹಾಲನ್ನು ಕಿರುಬೆರಳಿನಿಂದ ನೋಡಿ, ಟಿವಿಯ ಮುಂದೆ ಗಡಿಗೆಯಿಟ್ಟು, ಟೇಪು ಹಾಕಿ, ಗೋಡೆಗೆ ಒರಗಿ ಕೂತೆ. ಪರದೆಯ ಮೇಲೆ ಒಬ್ಬ ಮುದುಕ. ಬಿಳಿ ಹುಬ್ಬು, ದೊಡ್ಡ ದೊಡ್ಡ ಕೈ. ಕೊಡೆ ರಿಪೇರಿ ಮಾಡುವವನ ಪಾತ್ರ ಇರಬೇಕು, ಗೋಡೆಯ ತುಂಬ ಕೊಡೆಗಳು ಬಾವಲಿಗಳಂತೆ ನೇತಾಡುತ್ತಿದ್ದವು. ಜ್ವರ ಬಂದ ಮೊಮ್ಮಗಳೊಬ್ಬಳು ಮಂಚದ ಮೇಲೆ. ಅವನು ಸ್ಟೂಲನ್ನು ಹತ್ತಿರಕ್ಕೆಳೆದು, ಅವಳ ಹೊದಿಕೆ ಸರಿಮಾಡಿ, ಮಾತು ಶುರುಮಾಡಿದ. ಎರಡನೇ ವಾಕ್ಯಕ್ಕೇ ನನಗೆ ಗೊತ್ತಾಯಿತು. ಅದು ಕತೆ.

ನನ್ನನ್ನು ಸಾಕಿದ್ದು ಅಜ್ಜಿ, ಅಜ್ಜಿ ಸಾಕಿದ್ದು ಕತೆಯಲ್ಲಿ. ಕತೆ ಹೇಳುವಾಗ ಅವಳದೊಂದು ಕರಾರು: ಒಂದೊಂದು ಮಾತಿಗೂ ನಾನು ಹೂಂ ಅನ್ನಬೇಕು. ಹೂಂ ನಿಂತರೆ ಕತೆ ಅಲ್ಲೇ ನಿಂತಿತು. ರಾಜಕುಮಾರ ಕುದುರೆಯ ಮೇಲೆ, ಕುದುರೆ ಹಳ್ಳದ ನಡುವೆ, ಹಾಗೇ. ಮರುದಿನ ನಾನು ಕೈಕಾಲು ಹಿಡಿದರೇನೇ ಆ ಕುದುರೆ ದಡ ಹತ್ತುತ್ತಿದ್ದದ್ದು. ಅದಕ್ಕೇ ಜ್ವರದಲ್ಲಿ ಹೂಂ ಅಂದಿದ್ದೇನೆ, ಅಳುತ್ತ ಅಂದಿದ್ದೇನೆ, ನಿದ್ದೆಯಲ್ಲೂ ಅಂದಿದ್ದೇನೆ.

ಆ ಮುದುಕ ದನಿ ತಗ್ಗಿಸಿದಾಗ ನನಗೆ ಒಂದು ಕಾಡು ಕಂಡಿತು. ದನಿ ಏರಿದಾಗ ಯಾರೋ ಬಾಗಿಲು ತಟ್ಟಿದರು. ಅವನು ಎರಡು ಬೆರಳನ್ನು ಹೊದಿಕೆಯ ಮೇಲೆ ನಡೆಸಿದ. ನರಿಯೋ, ಕುಳ್ಳನೋ, ಯಾರೋ ಗುಡ್ಡ ಹತ್ತಿದರು. ಅವನು ನಿಲ್ಲಿಸಿ ಹುಡುಗಿಯ ಮುಖ ನೋಡಿದ. ಆ ಹುಡುಗಿ, ಯಾವ ಅಜ್ಜಿಯೂ ಇರದವಳು, ಸುಮ್ಮನೆ ಮಲಗಿದ್ದಳು. ಕತೆ ಹಳ್ಳದ ನಡುವೆ ನಿಂತುಬಿಡುತ್ತದಲ್ಲ ಎಂದು ನನ್ನ ಜೀವ ಹಿಡಿಯಷ್ಟಾಯಿತು. ಹೂಂ ಅಂದೆ.

ಒಂದಲ್ಲ. ಅವನು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಹೂಂ ಅಂದೆ. ಎಲ್ಲ ತಿಳಿದವಳ ಹಾಗೆ, ಮುಂದೇನು ಅನ್ನುವ ಹಾಗೆ, ಒಂದೆರಡು ಕಡೆ ಅಯ್ಯೋ ಪಾಪ ಅನ್ನುವ ಹಾಗೆ. ಟೇಪು ಮುಗಿದು ಪರದೆ ನೀಲಿಯಾದಾಗ ನನ್ನ ಬಾಯಿ ಇನ್ನೂ ಕೊನೆಯ ಹೂಂ ಹಿಡಿದುಕೊಂಡಿತ್ತು. ಎದುರಿಗೆ ಗಡಿಗೆ, ಬಾಯಿ ತೆರೆದುಕೊಂಡು.

ಸಂಜೆ ಮುಚ್ಚಳ ತೆಗೆದಾಗ ಜಗಲಿ ತುಂಬ ಜನ. ನೀರು ಮೇಲೆ, ಗಂಟು ಕೆಳಗೆ. ಈರಮ್ಮ ಇಣುಕಿ, "ಅಯ್ಯ, ಇದ್ಯಾವ ಕಳ್ಳನ ಮಾತವ್ವ! ಕ್ಯಾಪ್ಟನ್ನಿಗಿಂತ ಕಡೆ ಐತಲ್ಲ," ಎಂದಳು. ಜನ ನಕ್ಕರು. ನಾನೂ ನಕ್ಕೆ. ಆ ಹಾಲನ್ನು ಕೆಡಿಸಿದ್ದು ತಿಳಿಯದ ಮಾತಿಗೆ ತಿಳಿದವಳಂತೆ ನಾನು ಹಾಕಿದ ಹೂಂ ಎಂದು ಗೊತ್ತಿದ್ದೂ ನಕ್ಕೆ.

ಅಜ್ಜಿ ಬಂದು ತೋರುಬೆರಳನ್ನು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ಹುಬ್ಬು ಗಂಟಿಕ್ಕಿದಳು. ಜನ ಹೋದ ಮೇಲೆ ನನ್ನನ್ನು ಒಳಗೆ ಕರೆದು, "ಇದ್ರಲ್ಲಿ ಎರಡು ಬಾಯಿ ಐತೆ ಕಣೇ. ಯಾರಾದ್ರೂ ಮಾತಾಡಿದ್ರಾ?" ಎಂದಳು.

"ಇಲ್ಲಜ್ಜಿ."

"ನೀನು?"

"ನಾನ್ಯಾಕೆ ಮಾತಾಡ್ಲಿ?"

ಅವಳು ನನ್ನ ಮುಖವನ್ನೇ ನೋಡಿದಳು. ಕಿವಿ ಮಂದವಾದ ಮೇಲೆ ಅವಳು ಜನರ ಮುಖವನ್ನು ಹಾಗೆ ನೋಡುವುದನ್ನು ಕಲಿತಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು.

ಹಾಲು ಕೆಟ್ಟಿತು, ಪರೀಕ್ಷೆ ನನ್ನಿಂದ ಹಾಳಾಯಿತು ಎಂದು ಎರಡು ಗೆರೆ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಮನೆಯಿಂದ ಅಂಥ ಕಾಗದ ಯಾವತ್ತೂ ಹೋಗಿರಲಿಲ್ಲ. ಹತ್ತೊಂಬತ್ತರ ಹುಡುಗಿ ಟಿವಿಯ ಮುಂದೆ ಕೂಸಿನ ಹಾಗೆ ಹೂಂಗುಟ್ಟಿದಳು ಎಂದು ಜಗಲಿಯ ಮೇಲೆ ಕುಣಿಕುಣಿದು ನಗುತ್ತಾರೆ ಎನಿಸಿತು. ನೀರು ಎಂಬ ಚೌಕಕ್ಕೆ ಗುರುತು ಹಾಕಿದೆ. ಗುರುತು ಹಾಕಿ ಅಷ್ಟಕ್ಕೇ ಬಿಟ್ಟೆನೇ? ಕೆಳಗಿನ ಗೆರೆಗಳು ಖಾಲಿಯಿದ್ದವಲ್ಲ. "ಈತ ಇನ್ನೊಬ್ಬರ ತಾಯಿಯ ಸೀರೆ ಉಟ್ಟುಕೊಂಡು ಬಂದವನಂತೆ ಮಾತಾಡುತ್ತಾನೆ" ಎಂದು ಬರೆದೆ. ಮೇಷ್ಟ್ರು ಅದನ್ನು ಓದಿ, "ಭೇಷ್! ಏನು ಬರೀತೀಯಮ್ಮ ನೀನು," ಎಂದು ತಲೆದೂಗಿ ಇಂಗ್ಲಿಷಿಗೆ ಇಳಿಸಿದರು.

ಒಂದು ವರ್ಷ ಕಳೆಯಿತು. ಬೇರೆ ಟೇಪುಗಳು ಬಂದವು, ಹೋದವು. ನಾನು ಬಾಯಿಗೆ ಸೆರಗು ಕಟ್ಟಿಕೊಂಡು ಕೂರತೊಡಗಿದ್ದೆ. ಕೇಳಿದವರಿಗೆ ಧೂಳು ಎಂದೆ.

ಮುಂದಿನ ಮಾಘದಲ್ಲಿ ಹನ್ನೊಂದರ ಬಸ್ಸಿನಿಂದ ಟೇಪಿನ ಆ ಮುದುಕರು ಇಳಿದರು. ನಾನು ಬಾವಿಯ ಹತ್ತಿರವಿದ್ದೆ. ಬಿಳಿ ಹುಬ್ಬು, ದೊಡ್ಡ ಕೈ, ಪರದೆಯಲ್ಲಿದ್ದದ್ದಕ್ಕಿಂತ ಕುಗ್ಗಿದ್ದರು. ಕೊಡ ನನ್ನ ಕೈಯಿಂದ ಜಾರಲಿಲ್ಲ, ಕತೆಯಲ್ಲಾಗಿದ್ದರೆ ಜಾರುತ್ತಿತ್ತು. ನಾನದನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಬೆರಳಿನ ಗೆಣ್ಣು ಬೆಳ್ಳಗಾದವು. ಅವರು ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಎದುರಾದವರಿಗೆಲ್ಲ ತೋರಿಸಿದರು. ನಮ್ಮ ಹಾಳೆ. ಜನ ಅವರನ್ನು ನೇರ ನಮ್ಮ ಮನೆಗೆ ಕರೆತಂದರು.

ಅವರ ಹೆಸರು ಕುನೋ ಹಾರ್ಟ್ವಿಗ್. ಅರ್ಧ ಗಂಟೆಯಲ್ಲಿ ಊರು ಅವರನ್ನು ಕುನಪ್ಪ ಮಾಡಿತು. ಮೇಷ್ಟ್ರನ್ನು ಶಾಲೆಯಿಂದ ಕರೆಸಿದರು. ಕುನಪ್ಪನವರು ಆಡುತ್ತಿದ್ದದ್ದು ಬರೀ ಇಂಗ್ಲಿಷ್, ಅದೂ ನಿಧಾನವಾಗಿ. ಮೇಷ್ಟ್ರು ಅಂಗೈ ಉಜ್ಜಿಕೊಳ್ಳುತ್ತ ಹೇಳಿದರು, "ಇವರಿಗೆ ಒಂಬತ್ತು ವರ್ಷ ಇದ್ದಾಗ ಜರ್ಮನ್ ಊರು ಬಿಟ್ಟು ಇಂಗ್ಲಿಷ್ ಊರಿಗೆ ಬಂದರಂತೆ. ಈಗ ಎಪ್ಪತ್ತು. ಇನ್ನೊಂದು ಸಲ ಗಡಿಗೆ ಇಡಿ ಅಂತ ಕೇಳ್ಕೋತಾ ಇದಾರೆ. ಟೇಪು ಬೇಡವಂತೆ. ಇವರೇ ಎದುರಿಗೆ ಕೂತು ಮಾತಾಡ್ತಾರಂತೆ."

"ಒಂದು ಮಾತಿಗೆ ಒಂದೇ ಹಾಲು ಅಲ್ವಾ?" ಎಂದು ಯಾರೋ ಅಂದರು.

ಅಜ್ಜಿ ಏನೆಂದು ಕೇಳಿದಳು. ಈರಮ್ಮ ಅವಳ ಕಿವಿಯಲ್ಲಿ ಕೂಗಿ ಹೇಳಿದಳು. "ಟೇಪಿನ ಮಾತು ಬೇರೆ, ಬಾಯಿ ಮಾತು ಬೇರೆ. ಇಡೇ ನೀಲಿ," ಎಂದಳು ಅಜ್ಜಿ. ಹಾಗೆನ್ನುವಾಗ ನನ್ನ ಕಡೆ ನೋಡಲಿಲ್ಲ.

ಹಾಲು ಕಾಯಿಸಿದೆ, ಆರಿಸಿದೆ, ಇಟ್ಟೆ. ಬಾಯಿಗೆ ಸೆರಗು ಕಟ್ಟಿದೆ. ಜಗಲಿಯ ಜನರೆಲ್ಲ ಉಸಿರು ಬಿಗಿಹಿಡಿದರು. ಕುನಪ್ಪನವರು ಮಣೆಯ ಮೇಲೆ ಕೂರಲಾರದೆ ಕೂತು, ಗಡಿಗೆಯೊಳಗೆ ನೋಡಿದರು. ಬಾಯಿ ತೆರೆದರು. ಒಂದು ಪದ ಬಂತು. ಅದನ್ನು ಆಡಿದ ಕೂಡಲೇ ಅವರು ಕಿವಿಗೊಟ್ಟು ಅದನ್ನೇ ಕೇಳಿಕೊಂಡ ಹಾಗಿತ್ತು, ಅಂಗಡಿಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ಕೇಳುತ್ತಾರಲ್ಲ ಹಾಗೆ. ತಲೆಯಾಡಿಸಿ ಮತ್ತೆ ಶುರುಮಾಡಿದರು. ಎರಡು ಪದ. ಮತ್ತೆ ನಿಂತಿತು. ಹಣೆ ಒರೆಸಿಕೊಂಡರು. ನೀರು ಕೇಳಿ ಕುಡಿದರು. ಮೂರನೇ ಸಲ ಬಾಯಿ ತೆರೆದಾಗ ಏನೂ ಬರಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಮೇಷ್ಟ್ರಿಗೆ ಏನೋ ಹೇಳಿ ಕೈ ಮಡಿಲಲ್ಲಿಟ್ಟುಕೊಂಡರು.

"ಆಗ್ತಿಲ್ಲವಂತೆ," ಎಂದರು ಮೇಷ್ಟ್ರು. ಆಮೇಲೆ ಜನರ ಕಡೆ ತಿರುಗಿ, ದನಿಯೇರಿಸಿ, "ಅಲ್ಲಿಗೆ ಕಾಗದದಲ್ಲಿ ಬರೆದದ್ದು ಸರಿ ಅಂತ ಆಯ್ತು. ನಮ್ಮೂರ ಗಡಿಗೆ ಯಾವತ್ತೂ ತಪ್ಪಿಲ್ಲ," ಎಂದರು. ಈರಮ್ಮ ಗಡಿಗೆ ಎತ್ತಿಕೊಂಡು, "ಅರ್ಧ ಮಾತು ಕೇಳಿದ ಹಾಲು ಮನೇಲಿ ಇಟ್ಕೋಬಾರದು," ಎಂದು ಹಿತ್ತಲಿಗೆ ಹೋಗಿ ಬೂದಿಗುಂಡಿಗೆ ಸುರಿದು ಬಂದಳು.

ನನಗೆ ಆಗ ಏನನಿಸಿತೆಂದು ಹೇಳಿಬಿಡುತ್ತೇನೆ. ಹಗುರವಾಯಿತು. ಒಂದು ವರ್ಷದಿಂದ ಎದೆಯ ಮೇಲಿದ್ದ ಒರಳುಕಲ್ಲು ಪಕ್ಕಕ್ಕೆ ಸರಿದ ಹಾಗಾಯಿತು. ಇನ್ನು ಯಾರಿಗೂ ತಿಳಿಯುವುದಿಲ್ಲ, ಅವರಿಗೆ ಜರ್ಮನ್ ಬರುವುದೇ ಇಲ್ಲ, ಎಲ್ಲರೂ ಕಣ್ಣಾರೆ ಕಂಡರು ಎಂದು ಸಮಾಧಾನದ ಉಸಿರು ಬಿಟ್ಟೆ. ಮಾಡಿದ್ದೆಲ್ಲದರಲ್ಲಿ ಆ ಒಂದು ಉಸಿರನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಕಾದು ಕೆಂಡವಾಗುತ್ತದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಊಟಕ್ಕೆ ಎಬ್ಬಿಸಿದರು. ಕುನಪ್ಪನವರು ಬೇಡವೆಂದು, ಮಜ್ಜಿಗೆಯ ಲೋಟವೊಂದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಮಾತಾಡುತ್ತ ಕೂತರು. ದೂರೇನೂ ಇರಲಿಲ್ಲ ಅದರಲ್ಲಿ. ಮೇಷ್ಟ್ರು ತುಂಡು ತುಂಡಾಗಿ ಹೇಳುತ್ತ ಹೋದರು.

"ಆ ಕೊಡೆಯವನ ಪಾತ್ರ ಇನ್ಯಾರಿಗೋ ಹೋಯ್ತಂತೆ. ಹೋಗ್ಲಿ, ನಟನಿಗೆ ಅದು ಇದ್ದದ್ದೇ ಅಂತಾರೆ. ಆ ಕತೆ ಇವರ ಅಮ್ಮ ಹೇಳ್ತಿದ್ದದ್ದಂತೆ. ಬರೆದುಕೊಟ್ಟಿದ್ದನ್ನ ಬಿಟ್ಟು ಇದನ್ನ ಹೇಳ್ತೀನಿ ಅಂತ ಇವರೇ ಕೇಳಿ ಸೇರಿಸಿಕೊಂಡಿದ್ರಂತೆ." ಮೇಷ್ಟ್ರು ಹಾಳೆಯ ಕಡೆ ಕೈ ತೋರಿಸಿದರು. "ಸೀರೆ ಅಂದ್ರೆ ಏನು ಅಂತ ಪುಸ್ತಕ ತೆಗೆದು ನೋಡಿದ್ರಂತೆ. ಅರವತ್ತು ವರ್ಷ ಇಂಗ್ಲಿಷ್ ಆಡಿ ಆಡಿ, ಅಮ್ಮನ ಮಾತು ನನ್ನಿಂದ ಯಾವಾಗಲೋ ಹೋಗಿಬಿಟ್ಟಿರಬೇಕು, ನನಗೇ ತಿಳೀಲಿಲ್ಲ, ಆ ಹೆಣ್ಣುಮಗಳು ಸರಿಯಾಗಿ ಹಿಡಿದಳು ಅಂತಾರೆ."

ಹೆಣ್ಣುಮಗಳು ಕಂಬದ ಹಿಂದೆ ನಿಂತಿದ್ದಳು.

"ಇವರಿಗೊಬ್ಬ ಅಕ್ಕ ಇದಾರಂತೆ, ಜರ್ಮನ್ ಊರಲ್ಲೇ. ಪ್ರತಿ ಭಾನುವಾರ ಫೋನು ಮಾಡ್ತಿದ್ರಂತೆ. ನಿಮ್ಮ ಕಾಗದ ಬಂದ ಮೇಲೆ, ಬಾಯಿ ತೆಗೆದ್ರೆ ಸಾಕು ಇದು ನಂದೋ ಕದ್ದಿದ್ದೋ ಅಂತ ಅನಿಸೋಕೆ ಶುರುವಾಯ್ತಂತೆ. ಈಗ ಅಕ್ಕನ ಜೊತೆ ಇಂಗ್ಲಿಷಲ್ಲೇ ಮಾತಾಡೋದಂತೆ."

"ಅಕ್ಕಂಗೆ ಇಂಗ್ಲಿಷ್ ಬರ್ತೈತಾ?" ಎಂದಳು ಈರಮ್ಮ.

ಮೇಷ್ಟ್ರು ಕೇಳಿದರು. ಕುನಪ್ಪನವರು ತಲೆ ಅಡ್ಡಡ್ಡ ಆಡಿಸಿ ಏನೋ ಅಂದರು.

"ಬರಲ್ವಂತೆ. ಇಬ್ಬರೂ ಒಂದಿಷ್ಟು ಹೊತ್ತು ಫೋನು ಹಿಡ್ಕೊಂಡಿದ್ದು ಇಟ್ಬಿಡ್ತಾರಂತೆ."

  ಪಾತ್ರವೊಂದೇ ಹೋಗಿದ್ದರೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೇನೋ, ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿಲ್ಲ. ಎಪ್ಪತ್ತು ದಾಟಿದ ಹೆಂಗಸೊಬ್ಬಳು ಭಾನುವಾರ ಫೋನಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂರುವುದು ಕಣ್ಣಿಗೆ ಕಟ್ಟಿತು. ತಮ್ಮ ಯಾಕೆ ಹೀಗಾದ ಎಂದು ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು.

ಕಂಬ ಬಿಟ್ಟು ಮುಂದೆ ಬಂದೆ. ಅಜ್ಜಿಯ ಎದುರಿಗೆ ಕೂತು, ಸೆರಗನ್ನು ಬಾಯಿಂದ ಬಿಚ್ಚಿ, "ಅಜ್ಜಿ, ಅವತ್ತು ಮಾತಾಡಿದ್ದು ನಾನೇ," ಎಂದೆ.

"ಏನು?"

"ಅವತ್ತು. ಹಾಲಿನ ಮುಂದೆ. ನಾನು ಹೂಂ ಅಂದೆ."

"ಕೇಳಿಸ್ಲಿಲ್ಲ ಕಣೇ, ಜೋರಾಗಿ ಹೇಳು."

"ಹೂಂ ಅಂದೆ ಅಜ್ಜಿ! ಇವರು ಕತೆ ಹೇಳ್ತಾ ಇದ್ರು, ನಾನು ಹೂಂಗುಟ್ಟಿದೆ! ಕೊನೇ ತನಕ ಹೂಂಗುಟ್ಟಿದೆ! ಹಾಲು ಕೆಡಿಸಿದ್ದು ನಾನು!"

ಬೀದಿಯ ಆ ತುದಿಯ ಮಗ್ಗದ ಮನೆಯವರೂ ಹೊರಗೆ ಬಂದು ನೋಡಿದರು. ಅಷ್ಟು ಜೋರಾಗಿ ಕೂಗಿದ್ದೆ. ಒಳಗೊಳಗೇ ಹೇಳಿಕೊಂಡು ಸವೆಸಬೇಕೆಂದಿದ್ದ ಮಾತನ್ನು ಊರಿಗೆಲ್ಲ ಸಾರಿದ ಹಾಗಾಯಿತು. ಅಜ್ಜಿ ಮಾತ್ರ ಬೆಚ್ಚಲಿಲ್ಲ. "ನಂಗೆ ಯಾಕೆ ಹೇಳ್ತೀಯ?" ಎಂದಳು. "ನಂಗೆ ಅವತ್ತೇ ಗೊತ್ತಿತ್ತು. ಅವರಿಗೆ ಹೇಳು."

ನಾನು ಮೇಷ್ಟ್ರ ಕಡೆ ತಿರುಗಿದೆ. ಅವರ ಮುಖ ಬಿಳುಚಿಕೊಂಡಿತ್ತು. "ಸುಮ್ನಿರಮ್ಮ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಇದು ಹೊರಗೆ ಹೋದ್ರೆ ಇನ್ನು ಯಾವ ಕಂಪನಿ ನಮ್ಮನ್ನ ನಂಬುತ್ತೆ? ಊರಿನ ಮಾನದ ಪ್ರಶ್ನೆ."

"ಹೇಳಿ ಮೇಷ್ಟ್ರೇ. ಕಾಲು ಹಿಡೀತೀನಿ."

ಅವರು ಗಂಟಲು ಸರಿಮಾಡಿಕೊಂಡು, ಕುನಪ್ಪನವರಿಗೆ ಕೈ ಮುಗಿದು, ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು. ಅವರ ಇಂಗ್ಲಿಷ್ ನನಗೆ ತಿಳಿಯುತ್ತದೆ, ನಾನು ಕಲಿತದ್ದೇ ಅದು. ಕೌ ಎಂದರು. ಫೀವರ್ ಎಂದರು. ವೆರಿ ಸಾರಿ ಎಂದರು. ಕುನಪ್ಪನವರು ಸೌಜನ್ಯದಿಂದ ತಲೆಯಾಡಿಸಿದರು, ಒಂದಿಷ್ಟೂ ನಂಬದೆ.

ನನಗಿಂತ ಮೊದಲು ಈರಮ್ಮನೇ ಎದ್ದಳು. "ಏನ್ರೀ ಮೇಷ್ಟ್ರೇ, ಕೌ ಅಂದ್ರಲ್ಲ, ಹಸೂನೇ ಅಲ್ವಾ? ಫೀವರ್ ಅಂದ್ರೆ ಜ್ವರ ಅಂತ ಆಸ್ಪತ್ರೆ ಚೀಟಿಲಿ ನೋಡಿದೀನಿ ನಾನು. ನಮ್ಮ ಹಸೂಗೆ ಯಾವತ್ತು ಬಂದಿತ್ತು ಜ್ವರ? ನಿಮಗೆ ಬಂದೈತೆ ನೋಡ್ಕೊಳ್ಳಿ! ಮೂಗಬಸವಣ್ಣನ ಹಂಗೆ ನಿಂತಿರೋ ಪ್ರಾಣಿ ಮೇಲೆ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?"

ಕೆಲವರು ನಕ್ಕರು. ಮೇಷ್ಟ್ರು ನೆಲ ನೋಡಿದರು. ನಾಚಿಕೆ ಎಂಬ ಮಾತು ಅವರಿಗೆ ಆಡಿದ್ದಾದರೂ ಬಂದು ನಾಟಿದ್ದು ನನಗೆ. ಇನ್ನು ಯಾರ ಬಾಯಿಯೂ ನನಗೆ ಒದಗುವುದಿಲ್ಲ ಎಂದು ತಿಳಿಯಿತು. ಕುನಪ್ಪನವರ ಎದುರಿಗೆ ಹೋಗಿ ನಿಂತೆ. ನನ್ನ ಇಂಗ್ಲಿಷ್ ಎಂಥದ್ದೆಂದು ನನಗೆ ಗೊತ್ತು, ಊರಿಗೂ ಗೊತ್ತು. ಇನ್ನೊಬ್ಬರ ಮಾತು ಎರವಲೋ ಅಲ್ಲವೋ ಎಂದು ಹತ್ತಾರು ಜನರ ಹಣೆಗೆ ಚೀಟಿ ಅಂಟಿಸಿದ ನಾನು, ಊರಿನ ನಡುವೆ ನಿಂತು, ಎಂಟು ವರ್ಷದ ಕೂಸೂ ನಗುವಂಥ ಎರವಲು ಭಾಷೆಯಲ್ಲಿ ಬಾಯಿ ತೆರೆದೆ.

"ಐ ರೈಟ್ ಲೆಟರ್," ಎಂದು ಎದೆ ಮುಟ್ಟಿಕೊಂಡೆ. "ಸೀರೆ... ಐ ರೈಟ್. ನಾಟ್ ಟ್ರೂ."

ಅವರು ಲೋಟವನ್ನು ಕೆಳಗಿಟ್ಟರು.

"ಯೂ ಟೆಲ್ ಸ್ಟೋರಿ. ಐ..." ಹೂಂಗುಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಮೇಷ್ಟ್ರಿಗೂ ಗೊತ್ತಿರಲಾರದು. ತುಟಿ ಮುಚ್ಚಿಕೊಂಡು ಮಾಡಿ ತೋರಿಸಿದೆ. ಹೂಂ. ಹೂಂ. ಹೂಂ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುಖದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮಿಲ್ಕ್ ಹಿಯರ್ ಮೀ. ಮಿಲ್ಕ್ ಬ್ಯಾಡ್, ಬಿಕಾಸ್ ಮೀ. ಯುವರ್ ಜರ್ಮನ್, 'ನೀರು' ನಾಟ್. ಯುವರ್ ಜರ್ಮನ್ ಈಸ್ ಯುವರ್."

ಕುನಪ್ಪನವರು ನನ್ನ ಕಡೆ ಬಗ್ಗಿದರು. ಆಮೇಲೆ ಮೆಲ್ಲಗೆ, ನನಗೆ ತಿಳಿಯುವಂತೆ ಬಿಡಿಸಿ ಬಿಡಿಸಿ ಕೇಳಿದರು. ನಿನಗೆ ಇದು ಗೊತ್ತಾದದ್ದು ಯಾವಾಗ?

ಇವತ್ತು ಎನ್ನಬಹುದಿತ್ತು. ಹೋದ ವಾರ ಎನ್ನಬಹುದಿತ್ತು. ಆ ಮುದುಕನ ಕಣ್ಣಿನಲ್ಲಿ ಕ್ಷಮಿಸಲು ತಯಾರಾದ ಒಂದು ಮೆತ್ತಗಿನ ಬೆಳಕು ಆಗಲೇ ಬಂದಿತ್ತು. ತಿಳಿಯದೆ ಮಾಡಿದೆ ಎಂದಿದ್ದರೆ ನನ್ನ ತಲೆ ಸವರುತ್ತಿದ್ದರು. ಆ ಕೈ ನನ್ನ ತಲೆಯ ಮೇಲೆ ಬರಲಿ ಎಂದು ಎಷ್ಟು ಆಸೆಯಾಯಿತೆಂದರೆ ನಾಲಿಗೆ ಆ ಸುಳ್ಳಿನ ಕಡೆ ಹೊರಳಿಯೂ ಹೊರಳಿತು.

"ಸೇಮ್ ಡೇ," ಎಂದೆ.

"ಸೇಮ್ ಡೇ?"

"ಬಿಫೋರ್ ಲೆಟರ್."

ಆ ಬೆಳಕು ಹೋಯಿತು. ಅವರ ಕತ್ತಿನಿಂದ ಕೆಂಪು ಏರತೊಡಗಿ ಕಿವಿಯ ತುದಿ ಮುಟ್ಟಿತು. ಎದ್ದು ನಿಂತರು. ಬಸ್ಸಿನಿಂದಿಳಿದಾಗ ಕುಗ್ಗಿದ್ದವರು ಈಗ ಜಗಲಿಯ ತೊಲೆಗೆ ತಲೆ ತಾಕುವಷ್ಟು ಎತ್ತರವಿದ್ದರು. ಬಾಯಿ ತೆರೆದರು.

ಮೊದಲು ಬಂದದ್ದು ಎರಡೇ ಮಾತು, ಚಾಟಿಯ ಹಾಗೆ. ಆಮೇಲೆ ನಾಲ್ಕು. ಆಮೇಲೆ ಎಣಿಸುವ ಮಾತೇ ಇರಲಿಲ್ಲ. ದೊಡ್ಡ ಕೈಯನ್ನು ಗಾಳಿಯಲ್ಲಿ ಬೀಸಿದರು, ನನ್ನನ್ನು ತೋರಿಸಿದರು, ಹಾಳೆಯನ್ನು ತೋರಿಸಿದರು, ಎಲ್ಲೋ ದೂರಕ್ಕೆ, ಅಕ್ಕ ಇರುವ ದಿಕ್ಕೆಂದು ಅವರಿಗೆ ತೋರಿದ ಕಡೆಗೆ ಕೈ ಮಾಡಿ ಏನೋ ಅಂದು, ದನಿ ಒಡೆದು, ಮತ್ತೆ ಅದೇ ರಭಸದಲ್ಲಿ ನನ್ನ ಮೇಲೆ ತಿರುಗಿದರು.

"ಏನಂತಾರೆ ಮೇಷ್ಟ್ರೇ?" ಎಂದು ಈರಮ್ಮ ಪಿಸುಗುಟ್ಟಿದಳು.

"ನಂಗೂ ತಿಳೀತಿಲ್ಲ ಕಣಮ್ಮ," ಎಂದರು ಮೇಷ್ಟ್ರು. ಒಂದು ಗಳಿಗೆ ಬಿಟ್ಟು, ನಿಧಾನವಾಗಿ, "ಇದು ಇಂಗ್ಲಿಷಲ್ಲ," ಎಂದರು.

ಜಗಲಿಯ ಮೇಲಿನ ಪಂಡಿತರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು, ಯಾರೂ ಹೇಳದಿದ್ದರೂ.

ಅವರು ಪದಕ್ಕಾಗಿ ತಡಕಾಡಲಿಲ್ಲ. ಆಡಿದ್ದನ್ನು ಕಿವಿಗೊಟ್ಟು ಕೇಳಿಕೊಳ್ಳಲಿಲ್ಲ. ನಡುನಡುವೆ ನಿಂತರೆ ಅದು ಉಸಿರಿಗೆ ಮಾತ್ರ. ಯಾವುದೋ ಅಡುಗೆಮನೆಯಲ್ಲಿ ಯಾವಳೋ ತಾಯಿ ಬೈಯುತ್ತಿದ್ದ ಬೈಗುಳಗಳೆಲ್ಲ, ಅರವತ್ತು ವರ್ಷ ಮಡಿಕೆಯಲ್ಲಿದ್ದವು, ಒಂದೂ ಹಾಳಾಗದೆ ಹೊರಗೆ ಬಂದವು. ಒಂದು ಪದವೂ ನನಗೆ ತಿಳಿಯಲಿಲ್ಲ, ಒಂದೂ ನನ್ನನ್ನು ತಪ್ಪಿಸಿ ಹೋಗಲಿಲ್ಲ. ಹಿಂದಕ್ಕೆ ಸರಿಯಬೇಕೆನಿಸಿ ಕಾಲೆತ್ತಿದೆ.

"ನಿಂತ್ಕೊಂಡು ಕೇಳೇ," ಎಂದಳು ಅಜ್ಜಿ ಬೆನ್ನ ಹಿಂದಿನಿಂದ. "ಪೂರ್ತಿ ಕೇಳು."

ಎರಡೂ ಕೈ ಕಟ್ಟಿಕೊಂಡು ನಿಂತೆ. ಬಸ್ಸು ಬಂದು ಹಾರನ್ನು ಹೊಡೆಯಿತು, ಯಾರೋ ಓಡಿಹೋಗಿ ಅದನ್ನು ಕಾಯಿಸಿದರು. ಅವರು ಮುಗಿಸುವವರೆಗೂ ನಾನು ತಲೆ ಎತ್ತಲಿಲ್ಲ. ಅವರು ಬೇಗ ಮುಗಿಸಲೂ ಇಲ್ಲ.